ಎಳವೆಯ ಸಾಕ್ಷರತೆ

ಶಾಲೆಯಲ್ಲಿ ಓದುಬರಹ ಕಲಿಯುವ ಮೊದಲೇ ಮಗು ಮಾತು, ಕಥೆ, ಹಾಡು, ಚಿತ್ರ, ಗೀಚಾಟಗಳಿಂದ ಗಳಿಸಿಕೊಳ್ಳುವ ಭಾಷಾಜ್ಞಾನ ಮತ್ತು ಲಿಪಿಪರಿಚಯ. ನ್ಯೂಜಿಲೆಂಡಿನ ಶಿಕ್ಷಣತಜ್ಞೆ ಮೇರಿ ಕ್ಲೇ 1966ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧ ಈ ಪರಿಕಲ್ಪನೆಗೆ ತಳಹದಿಯಾಯಿತು. ಈ ಹಂತದ ಕಲಿಕೆಗೆ ಮನೆಯ ದಿನಚರಿಯೇ ಮುಖ್ಯ ಆಧಾರ.

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ ಕಾಗುಣಿತ, ಒತ್ತಕ್ಷರಗಳು ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರು. ಹೀಗಾಗಿ ಅಕ್ಷರಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ. ಕನ್ನಡದ ಮಕ್ಕಳ ಓದನ್ನು ಕುರಿತು ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನು ತೋರಿಸಿದೆ. ‘ಮರ’ವನ್ನು ಮ-ರ ಎಂದು ಬಿಡಿಸುವುದು ಎಳೆಯ ಮಗುವಿಗೆ ಸುಲಭ, ಮ್-ಅ-ರ್-ಅ ಎಂದು ಒಡೆಯುವ ಅರಿವು ತಡವಾಗಿ ಮೂಡುತ್ತದೆ. ಚಪ್ಪಾಳೆ ತಟ್ಟುತ್ತ ಹೇಳುವ ಶಿಶುಪ್ರಾಸ, ಪದಬಂಡಿಯಂಥ ಆಟಗಳು ಈ ಅಕ್ಷರಪ್ರಜ್ಞೆಯನ್ನು ಹದಗೊಳಿಸುತ್ತವೆ.

ಮನೆಗೆಲಸಗಳಲ್ಲೂ ಭಾಷಾಕಲಿಕೆಗೆ ಅವಕಾಶವಿದೆ. ಎಣ್ಣೆ ಹಚ್ಚಿ ನೀರು ಹಾಕುವಾಗ ಮೈಯ ಅಂಗಗಳ ಹೆಸರು, ಸೊಪ್ಪು ಬಿಡಿಸುವಾಗ ಬಣ್ಣ, ವಾಸನೆ, ರುಚಿಗಳ ಮಾತು ಮಗುವಿನ ಪದಸಂಪತ್ತನ್ನು ಬೆಳೆಸುತ್ತವೆ. ದಿನಸಿ ಚೀಟಿ ಬರೆಯುವವರ ಪಕ್ಕದಲ್ಲಿ ಕುಳಿತು ತಾನೂ ಗೀಚುವ ಮಗುವಿಗೆ ಆಡಿದ ಮಾತನ್ನು ಬರೆದಿಡಬಹುದೆಂಬುದು ತಿಳಿಯುತ್ತದೆ. ಸಾಸಿವೆ, ಜೀರಿಗೆ ಡಬ್ಬಿಗಳ ಮೇಲಿನ ಹೆಸರು, ಬಸ್ಸಿನ ಬೋರ್ಡು, ಅಂಗಡಿಯ ಫಲಕಗಳು ಅಕ್ಷರಗಳನ್ನು ಬಳಕೆಯ ಸಂದರ್ಭದಲ್ಲೇ ತೋರಿಸುತ್ತವೆ. ಚುಕ್ಕಿ ಎಣಿಸಿ ರಂಗೋಲಿ ಎಳೆಯುವುದರಿಂದ ದುಂಡಗಿನ ಕನ್ನಡ ಅಕ್ಷರಗಳಿಗೆ ಬೇಕಾದ ಬೆರಳಿನ ಹಿಡಿತ ಬರುತ್ತದೆ. ಅಕ್ಕಿಯ ಮೇಲೆ ಬರೆಯಿಸುವ ಅಕ್ಷರಾಭ್ಯಾಸ ಒಂದು ದಿನದ ಶಾಸ್ತ್ರ. ಕಲಿಕೆಗೆ ಬೇಕಾದುದು ನಿತ್ಯದ ರೂಢಿ.

ಮಲಗುವ ಮುನ್ನ ಪುಸ್ತಕ ಓದಿಹೇಳುವಾಗ ಸಾಲಿನ ಕೆಳಗೆ ಬೆರಳಾಡಿಸಿದರೆ ಬರಹ ಎಡದಿಂದ ಬಲಕ್ಕೆ ಸಾಗುವುದು ಮಗುವಿಗೆ ಗೊತ್ತಾಗುತ್ತದೆ. ನಡುವೆ ನಿಲ್ಲಿಸಿ ‘ಮುಂದೇನಾಯಿತು?’ ಎಂದು ಕೇಳುವುದು, ಒಂದೇ ಕಥೆಯನ್ನು ಬೇಸರಿಸದೆ ಮತ್ತೆ ಮತ್ತೆ ಹೇಳುವುದು ಗ್ರಹಿಕೆಗೆ ನೆರವಾಗುತ್ತವೆ. ಪಂಜೆ ಮಂಗೇಶರಾಯ, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ಕನ್ನಡದ ಮನೆಗಳಲ್ಲಿ ಬಳಕೆಯಲ್ಲಿವೆ. 2004ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಪ್ರಥಮ್ ಬುಕ್ಸ್ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ಹೊರತರುತ್ತಿದೆ.

ಭಾರತದಲ್ಲಿ 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಶಾಲಾಪೂರ್ವ ಶಿಕ್ಷಣ ನೀಡುತ್ತಿವೆ. 2021ರ ನಿಪುಣ್ ಭಾರತ್ ಕಾರ್ಯಕ್ರಮ ಮೂರನೆಯ ತರಗತಿ ಮುಗಿಸುವ ವೇಳೆಗೆ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕೆಂಬ ಗುರಿ ಇಟ್ಟುಕೊಂಡಿದೆ. ಆ ಓದಿಗೆ ಬೇಕಾದ ಪದಸಂಪತ್ತು ಕಥೆ, ಒಗಟು, ಗಾದೆಗಳಿಂದಲೂ ಒದಗುವುದರಿಂದ, ಅಕ್ಷರ ಬಾರದ ಅಜ್ಜ-ಅಜ್ಜಿಯರಿಗೂ ಮಗುವಿನ ಸಾಕ್ಷರತೆಯಲ್ಲಿ ಪಾಲಿದೆ.