ಜನರೇಷನ್ ಕೆ (ಬೇಸ್‌ಬಾಲ್)

ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡ 1990ರ ದಶಕದಲ್ಲಿ ತನ್ನ ಮೈನರ್ ಲೀಗ್ ತಂಡಗಳಲ್ಲಿ ಬೆಳೆಸಿದ ಬಿಲ್ ಪಲ್ಸಿಫರ್, ಜೇಸನ್ ಇಸ್ರಿಂಗ್‌ಹೌಸನ್ ಮತ್ತು ಪಾಲ್ ವಿಲ್ಸನ್ ಎಂಬ ಮೂವರು ಯುವ ಪಿಚರ್‌ಗಳಿಗೆ ಅಂಟಿಕೊಂಡ ಹೆಸರು ಜನರೇಷನ್ ಕೆ. ಸ್ಕೋರ್ ಪುಸ್ತಕದಲ್ಲಿ ಸ್ಟ್ರೈಕ್‌ಔಟ್‌ಗೆ (ಪಿಚರ್ ತನ್ನ ಎಸೆತಗಳಿಂದಲೇ ಬ್ಯಾಟರನ್ನು ಔಟ್ ಮಾಡುವುದಕ್ಕೆ) ಬರೆಯುವ ಗುರುತು ‘ಕೆ’. ತಂಡದ ಒಂದು ಕಾಲವನ್ನೇ ಇವರ ಹೆಸರಿನಲ್ಲಿ ಕರೆದರೂ, ಮೂವರೂ ಮೆಟ್ಸ್ ಪರವಾಗಿ ಒಂದೇ ಋತುವಿನಲ್ಲಿ ಒಮ್ಮೆಯೂ ಆಡಲಿಲ್ಲ.

ನಿರೀಕ್ಷೆ ಹುಟ್ಟಿದ್ದು ಹಳೆಯ ನೆನಪಿನಿಂದ. ಟಾಮ್ ಸೀವರ್, ಜೆರಿ ಕೂಸ್ಮನ್‌ರಂಥ ತರುಣ ಪಿಚರ್‌ಗಳು 1969ರಲ್ಲಿ ಮೆಟ್ಸ್‌ಗೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟಿದ್ದರು. 1993ರಲ್ಲಿ 103 ಪಂದ್ಯ ಸೋತಿದ್ದ ತಂಡಕ್ಕೆ ಅಂಥದೇ ಇನ್ನೊಂದು ಪೀಳಿಗೆ ಬೇಕಿತ್ತು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1994ರ ಡ್ರಾಫ್ಟ್‌ನಲ್ಲಿ ಇಡೀ ದೇಶದಲ್ಲೇ ಮೊದಲ ಆಟಗಾರನಾಗಿ ಆಯ್ಕೆಯಾದವರು ವಿಲ್ಸನ್. ಇಸ್ರಿಂಗ್‌ಹೌಸನ್ 1991ರಲ್ಲಿ 44ನೇ ಸುತ್ತಿನಲ್ಲಿ, ಅಂದರೆ ಹೆಚ್ಚುಕಡಿಮೆ ಯಾರೂ ಗಮನಿಸದ ಹೊತ್ತಿನಲ್ಲಿ, ಬಂದವರು.

ದುಡಿಮೆ ಮಾತ್ರ ವಿಪರೀತವಾಗಿತ್ತು. ಎಡಗೈ ಪಿಚರ್ ಪಲ್ಸಿಫರ್ 1994ರಲ್ಲಿ, ಇನ್ನೂ ಇಪ್ಪತ್ತರ ಹುಡುಗ, ಡಬಲ್-ಎ ದರ್ಜೆಯ ಬಿಂಗ್‌ಹ್ಯಾಮ್ಟನ್ ತಂಡಕ್ಕಾಗಿ 201 ಇನಿಂಗ್ಸ್ ಪಿಚ್ ಮಾಡಿದರು. ಇಸ್ರಿಂಗ್‌ಹೌಸನ್ 1995ರಲ್ಲಿ ಬಿಂಗ್‌ಹ್ಯಾಮ್ಟನ್, ನಾರ್ಫೋಕ್, ನ್ಯೂಯಾರ್ಕ್ ಮೂರೂ ಕಡೆ ಸೇರಿ 221 ಇನಿಂಗ್ಸ್ ಎಸೆದರು. ಆ ಬೇಸಿಗೆಯಲ್ಲಿ ಮೆಟ್ಸ್ ಪರ ಅವರದು 9 ಗೆಲುವು, 2 ಸೋಲು. ಬೆಳೆಯುವ ಕೈಗಳನ್ನು ಹೀಗೆ ದುಡಿಸುವುದು ಆಗ ಯಾರಿಗೂ ಅತಿ ಎನಿಸಲಿಲ್ಲ. ಇಂದಿನ ಯಾವ ತಂಡವೂ ಇದಕ್ಕೆ ಒಪ್ಪಲಾರದು.

1996ರಲ್ಲಿ ಎಲ್ಲ ಕುಸಿಯಿತು. ಋತುವಿನ ಆರಂಭದಲ್ಲೇ ಪಲ್ಸಿಫರ್‌ಗೆ ಮೊಣಕೈಯ ಹರಿದ ಅಸ್ಥಿರಜ್ಜುವಿನ ಬದಲು ಬೇರೆಡೆಯ ಸ್ನಾಯುರಜ್ಜು ಕೂರಿಸುವ ‘ಟಾಮಿ ಜಾನ್’ ಶಸ್ತ್ರಚಿಕಿತ್ಸೆ ಆಯಿತು. ವಿಲ್ಸನ್ 5 ಗೆದ್ದು 12 ಸೋತರು, ಇಸ್ರಿಂಗ್‌ಹೌಸನ್ 6 ಗೆದ್ದು 14 ಸೋತರು. ಇವರಿಬ್ಬರೂ ಮೇಜರ್ ಲೀಗ್‌ಗೆ ಇನ್ನೂ ಸಿದ್ಧರಿಲ್ಲವೆಂದು ಬಹಿರಂಗವಾಗಿ ಹೇಳಿದ ಮ್ಯಾನೇಜರ್ ಡಲ್ಲಾಸ್ ಗ್ರೀನ್ ಆಗಸ್ಟ್‌ನಲ್ಲಿ ಕೆಲಸ ಕಳೆದುಕೊಂಡರು. ಮಾತು ಸುಳ್ಳಾಗಿರಲಿಲ್ಲ, ಆಡಿದ ಸ್ಥಳ ಸರಿಯಿರಲಿಲ್ಲ.

ವಿಲ್ಸನ್‌ಗೆ ಮೊದಲು ಭುಜ, ಆಮೇಲೆ ಮೊಣಕೈ ಕೈಕೊಟ್ಟವು. 2000ದಲ್ಲಿ ಅವರನ್ನು ಟ್ಯಾಂಪಾ ಬೇಗೆ ಬಿಟ್ಟುಕೊಡಲಾಯಿತು. 2004ರಲ್ಲಿ ಸಿನ್ಸಿನಾಟಿ ಪರ 11 ಪಂದ್ಯ ಗೆದ್ದದ್ದೇ ಅವರ ಒಳ್ಳೆಯ ವರ್ಷ. ಪಲ್ಸಿಫರ್ ಗಾಯದ ಜೊತೆಗೆ ಖಿನ್ನತೆಯನ್ನೂ ಎದುರಿಸಿದರು. ತಂಡದಿಂದ ತಂಡಕ್ಕೆ ಅಲೆದು, ಮೇಜರ್ ಲೀಗ್‌ನಲ್ಲಿ ಕೊನೆಯದಾಗಿ ಆಡಿದ್ದು 2005ರಲ್ಲಿ.

ಉಳಿದದ್ದು 44ನೇ ಸುತ್ತಿನವರು. ಕ್ಷಯರೋಗ, ಸಿಟ್ಟಿನಲ್ಲಿ ಕಸದ ಡಬ್ಬಿಗೆ ಗುದ್ದಿ ಮುರಿದುಕೊಂಡ ಮಣಿಕಟ್ಟು, ಮೊಣಕೈಗೆ ಶಸ್ತ್ರಚಿಕಿತ್ಸೆ, ಇವೆಲ್ಲ ದಾಟಿದ ಇಸ್ರಿಂಗ್‌ಹೌಸನ್‌ರನ್ನು ಮೆಟ್ಸ್ 1999ರ ಜುಲೈಯಲ್ಲಿ ಬಿಲ್ಲಿ ಟೇಲರ್ ಎಂಬ ಹಿರಿಯ ಪಿಚರ್‌ಗಾಗಿ ಓಕ್‌ಲ್ಯಾಂಡ್‌ಗೆ ಕೊಟ್ಟಿತು. ಮೆಟ್ಸ್‌ನ ಪೆದ್ದು ವ್ಯಾಪಾರಗಳ ಸಾಲಿನಲ್ಲಿ ಇದಕ್ಕೆ ಧಾರಾಳವಾಗಿ ಜಾಗವಿದೆ. ಓಕ್‌ಲ್ಯಾಂಡ್ ಅವರಿಗೆ ಒಪ್ಪಿಸಿದ್ದು ಕ್ಲೋಸರ್ ಕೆಲಸ: ಗೆಲುವಿನ ಅಂಚಿನಲ್ಲಿರುವ ಪಂದ್ಯದ ಕೊನೆಯ ಒಂದು ಇನಿಂಗ್ಸ್ ಕಾಯುವುದು. ದೀರ್ಘ ದುಡಿಮೆ ತಾಳದ ಕೈ ಈ ಅಲ್ಪ ಕೆಲಸಕ್ಕೆ ಚೆನ್ನಾಗಿ ಒಗ್ಗಿತು. ಮರುವರ್ಷವೇ ಆಲ್-ಸ್ಟಾರ್ ಆದರು. 2004ರಲ್ಲಿ ಸೇಂಟ್ ಲೂಯಿಸ್ ಪರ 47 ‘ಸೇವ್’ (ಹೀಗೆ ಕಾಯ್ದುಕೊಟ್ಟ ಗೆಲುವು) ಗಳಿಸಿದರು. 2011ರಲ್ಲಿ ಮೆಟ್ಸ್‌ಗೆ ಮರಳಿ, ಆಗಸ್ಟ್ 15ರಂದು ಸ್ಯಾನ್ ಡಿಯೇಗೊದಲ್ಲಿ 300ನೆಯ ಸೇವ್ ದಾಖಲಿಸಿದರು. ಅದೇ ಅವರ ಕೊನೆಯ ಸೇವ್ ಕೂಡ.

ಮುಂದೆ ಯುವ ಪಿಚರ್‌ಗಳ ಎಸೆತ, ಇನಿಂಗ್ಸ್ ಎಣಿಸುವುದು ಎಲ್ಲ ತಂಡಗಳ ರೂಢಿಯಾಯಿತು. ಆದರೂ ಆ ಲೆಕ್ಕದ ಮಿತಿ ಎಲ್ಲ ಸಲವೂ ಪಾಲನೆಯಾಗಲಿಲ್ಲ. ಮೊಣಕೈ ಶಸ್ತ್ರಚಿಕಿತ್ಸೆ ಮುಗಿಸಿ 2015ರಲ್ಲಿ ಮರಳಿದ ಮೆಟ್ಸ್‌ನ ಮ್ಯಾಟ್ ಹಾರ್ವಿಗೆ 180 ಇನಿಂಗ್ಸ್ ಮಿತಿ ಇರಬೇಕೆಂದು ಅವರ ಏಜೆಂಟ್ ಪಟ್ಟು ಹಿಡಿದರು. ತಂಡ ವರ್ಲ್ಡ್ ಸೀರೀಸ್ ತಲುಪಿತು; ಹಾರ್ವಿ ಎಸೆದದ್ದು 216.