ಪುಯ್ಯಲ್ ಕೇಳಿದ ಮೇಲೆ

ಶಾಸನಗಳ ಪಾಠವನ್ನು ನಾನು ಹದಿನೆಂಟು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ವೀರಗಲ್ಲುಗಳ ಪ್ರಸಂಗ ಬಂದಾಗ ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮೂರು ಮಾತುಗಳನ್ನು ಹಲಗೆಯ ಮೇಲೆ ಬರೆದು ಅರ್ಥ ಹೇಳುವುದು ನನ್ನ ವಾಡಿಕೆ. ತುರುಗೊಳ್ ಎಂದರೆ ದನಗಳನ್ನು ಹೊಡೆದೊಯ್ಯುವುದು. ಊರಳಿವು ಎಂದರೆ ಊರಿನ ನಾಶ. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ. ಕಳೆದ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ಕೂಗಿದ ಆ ಹೆಂಗಸು ಆಮೇಲೆ ಏನಾದಳು?" ಎಂದು ಕೇಳಿದಳು. "ಅದು ಶಾಸನದಲ್ಲಿ ಇಲ್ಲಮ್ಮ" ಎಂದು ಹೇಳಿ ಮುಂದಿನ ಪುಟಕ್ಕೆ ಹೋದೆ. ಉತ್ತರವೇನೋ ಸರಿಯಾಗಿಯೇ ಇತ್ತು. ಆದರೆ ಆ ದಿನ ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ವೀರಗಲ್ಲಿನ ರಚನೆಯನ್ನು ಓದುಗರು ಬಲ್ಲರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಹೆಣ್ಣಿನ ಮೇಲೆ ಕೈಮಾಡಿದವರೊಡನೆ ಕಾದಿ ಮಡಿದವರಿಗೂ ಇಂಥ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಸುಲಿಗೆಕಾರರು ಹೆಂಗಸರ ಉಡುಗೆಯನ್ನು ಸೆಳೆಯುತ್ತಿದ್ದುದಕ್ಕೆ 'ಉಡೆಯುರ್ಚು' ಎಂಬ ಮಾತೇ ಶಾಸನಗಳಲ್ಲಿ ರೂಢಿಯಾಗಿತ್ತು. ಒಂದು ಕೃತ್ಯಕ್ಕೆ ಹೀಗೆ ಸಿದ್ಧವಾದ ಪದವೊಂದು ಹುಟ್ಟಿಕೊಳ್ಳಬೇಕಾದರೆ ಆ ಕೃತ್ಯ ಎಷ್ಟು ಸಾಮಾನ್ಯವಾಗಿದ್ದಿರಬೇಕು! ಮಡಿದವನ ಹೆಸರು ಕಲ್ಲಿನಲ್ಲಿದೆ. ಅವನ ಮನೆಯವರಿಗೆ ನೆತ್ತರುಕೊಡಗೆಯೆಂದು ಭೂಮಿ ಕೊಟ್ಟ ದಾಖಲೆಗಳೂ ಇವೆ. ಅವನ ಶೌರ್ಯಕ್ಕೆ ತಲೆಬಾಗೋಣ. ಆದರೆ ಕೂಗಿದವಳು ಬಹುಮಟ್ಟಿಗೆ ಬರಿಯ ಕೂಗಾಗಿಯೇ ಉಳಿದಿದ್ದಾಳೆ. ಮರುದಿನ ಬೆಳಗ್ಗೆ ಎದ್ದು ಅವಳು ನೀರು ತಂದಳೇ, ಒಲೆ ಹಚ್ಚಿದಳೇ, ನೆರೆಯವರು ಅವಳನ್ನು ಮಾತನಾಡಿಸಿದರೇ ಎಂಬುದಕ್ಕೆ ಆ ಪಟ್ಟಿಕೆಗಳಲ್ಲಿ ಸ್ಥಳವಿಲ್ಲ.

ಕಲ್ಲಿನ ಮಾತಿರಲಿ, ನಮ್ಮ ನುಡಿಯನ್ನೇ ನೋಡೋಣ. 'ಮಾನಭಂಗ' ಎಂದು ಹಿಂದಿನವರು ಬರೆಯುತ್ತಿದ್ದರು. ಭಂಗವಾದದ್ದು ಯಾರ ಮಾನ? ಕಳ್ಳತನವಾದ ಮನೆಯ ಯಜಮಾನನಿಗೆ ಮಾನ ಹೋಯಿತೆಂದು ಯಾರೂ ಹೇಳುವುದಿಲ್ಲ. 'ಕೆಟ್ಟವಳು' ಎಂಬ ಮಾತೂ ಹಾಗೆಯೇ. ಕೆಡು ಎಂಬುದು ಅಕರ್ಮಕ ಧಾತು; ತಾನಾಗಿ ಕೆಡುವುದು. ಕೆಡಿಸು ಎಂದರೆ ಮಾತ್ರ ಕೆಡಿಸಿದ ಒಬ್ಬ ಕರ್ತೃ ಬೇಕಾಗುತ್ತಾನೆ. ನಮ್ಮ ಊರುಗಳು ಈ ವ್ಯಾಕರಣವನ್ನು ಬಹಳ ಜಾಣತನದಿಂದ ಬಳಸಿಕೊಂಡಿವೆ. ಕರ್ತೃವನ್ನು ವಾಕ್ಯದಿಂದ ಹೊರಗಿಟ್ಟು, ಕ್ರಿಯೆಯ ಭಾರವನ್ನೆಲ್ಲ ಅವಳ ತಲೆಯ ಮೇಲೆ ಹೊರಿಸಿವೆ.

ಕಾನೂನು ಕೂಡ ಬಹುಕಾಲ ಇದೇ ದಾರಿಯಲ್ಲಿ ನಡೆಯಿತು. 1860ರ ದಂಡಸಂಹಿತೆ 1862ರ ಜನವರಿ 1ರಂದು ಜಾರಿಗೆ ಬಂದಾಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೂ ಅತ್ಯಾಚಾರ ಶಿಕ್ಷಾರ್ಹ ಅಪರಾಧವೆಂಬ ಲಿಖಿತ ವಿಧಿ ಬಂದಿತು. ಆದರೆ 1872ರ ಸಾಕ್ಷ್ಯ ಕಾಯಿದೆ, ದೂರು ಕೊಟ್ಟವಳು ಸಾಮಾನ್ಯವಾಗಿ ಅನೀತಿಯ ನಡತೆಯವಳೆಂದು ತೋರಿಸಿ ಅವಳ ಮಾತನ್ನು ಅಲ್ಲಗಳೆಯಲು ಆರೋಪಿಗೆ ಅವಕಾಶ ಕೊಟ್ಟಿತು. ಆ ಕಲಮು ರದ್ದಾದದ್ದು 2002ರಲ್ಲಿ; ಅಂದರೆ ನೂರಮೂವತ್ತು ವರ್ಷಗಳ ತರುವಾಯ. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ 1972ರಲ್ಲಿ ಒಬ್ಬ ಆದಿವಾಸಿ ಹುಡುಗಿಗೆ ಆದ ಅನ್ಯಾಯದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಅವಳ ಮೈಮೇಲೆ ಗಾಯಗಳಿರಲಿಲ್ಲವೆಂಬುದೂ ಅಲ್ಲಿ ಒಂದು ಕಾರಣವಾಯಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಆ ತೀರ್ಪನ್ನು ಖಂಡಿಸಿ ಬಹಿರಂಗ ಪತ್ರ ಬರೆದರು. ದೇಶದಾದ್ಯಂತ ಮಹಿಳೆಯರು ಬೀದಿಗಿಳಿದರು. 1983ರ ತಿದ್ದುಪಡಿ ಬಂದದ್ದು ಆ ಬಳಿಕ. ನೊಂದವಳ ಹೆಸರನ್ನು ಪ್ರಕಟಿಸಬಾರದೆಂಬ ವಿಧಿ ಆಗ ಸೇರಿತು.

ನಮ್ಮ ರಾಜ್ಯದ ಎರಡು ಸಂಗತಿಗಳನ್ನೂ ಇಲ್ಲಿ ನೆನೆಯಬೇಕು. 2000ದಲ್ಲಿ ಕರ್ನಾಟಕದ ಒಂದು ಮೊಕದ್ದಮೆಯನ್ನು ತೀರ್ಮಾನಿಸುವಾಗ ಸರ್ವೋಚ್ಚ ನ್ಯಾಯಾಲಯ, ಪೊಲೀಸರು ಕಳಿಸದೆ ಪರೀಕ್ಷಿಸುವುದಿಲ್ಲವೆಂದು ನೊಂದ ಹೆಣ್ಣನ್ನು ಹಿಂದಕ್ಕೆ ಕಳುಹಿಸುವ ಸರಕಾರಿ ವೈದ್ಯರ ನಡತೆಯನ್ನು ಖಂಡಿಸಿತು. ಆಸ್ಪತ್ರೆಗಳು ವಿರಳವಾಗಿರುವ ಹಳ್ಳಿಗಾಡಿನ ಮಾತನ್ನು ವಿಶೇಷವಾಗಿ ಎತ್ತಿ ಹೇಳಿತು. ಎರಡನೆಯದು 2020ರದು. ಜಾಮೀನಿನ ಆಜ್ಞೆಯೊಂದರಲ್ಲಿ ನಮ್ಮ ಉಚ್ಚ ನ್ಯಾಯಾಲಯ, ಘಟನೆಯ ಬಳಿಕ ದಣಿದು ನಿದ್ದೆಹೋದೆನೆಂಬ ಹೆಣ್ಣಿನ ಮಾತು ಭಾರತೀಯ ನಾರಿಗೆ ತಕ್ಕುದಲ್ಲವೆಂಬ ಅರ್ಥದಲ್ಲಿ ಬರೆಯಿತು. ಪ್ರತಿಭಟನೆಯಾದ ಮೇಲೆ ಆ ಮಾತನ್ನು ತಾನೇ ತೆಗೆದುಹಾಕಿತು. ನೊಂದವಳು ಹೇಗೆ ಅಳಬೇಕು, ಎಷ್ಟು ಹೊತ್ತು ಎಚ್ಚರವಿರಬೇಕು ಎಂಬುದಕ್ಕೂ ನಮ್ಮ ಮನಸ್ಸಿನಲ್ಲಿ ಒಂದು ಅಳತೆಗೋಲಿದೆ ಎಂಬುದನ್ನು ಇದು ತೋರಿಸುತ್ತದೆ.

ಈ ಅಳತೆಗೋಲು ನನ್ನ ಊರಿನಲ್ಲಿಯೂ ಇತ್ತು. ನನ್ನ ಹುಟ್ಟೂರು ಸುಳ್ಯ ತಾಲೂಕಿನ ಕೊಲ್ಲಮೊಗ್ರು. ಘಟ್ಟದ ಬುಡ, ಅಡಿಕೆ ತೋಟಗಳ ನಾಡು. ನಾನು ಬಾಲಕನಾಗಿದ್ದಾಗ ಅಲ್ಲಿ ಒಬ್ಬಾಕೆ ಇದ್ದರು. ಅವರ ಹೆಸರನ್ನಾಗಲಿ ಮನೆತನವನ್ನಾಗಲಿ ಹೇಳಲಾರೆ. ಎಳೆಯ ಪ್ರಾಯದಲ್ಲಿ ಅವರ ಮೇಲೆ ಬಲಾತ್ಕಾರ ನಡೆದಿತ್ತು. ಮಾಡಿದವನು ಯಾರೆಂದು ಊರಿಗೆ ಗೊತ್ತಿತ್ತು. ಅವನು ಮದುವೆಮನೆಗಳಲ್ಲಿ ಮೊದಲ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಆಕೆಯನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಅವರ ಅಂಗಳ ದಾಟಿ ಶಾಲೆಗೆ ಹೋಗುತ್ತಿದ್ದ ನಮಗೆ, ಅಲ್ಲಿ ನೀರು ಕೂಡ ಕುಡಿಯಕೂಡದೆಂದು ಮನೆಯಲ್ಲಿ ಹೇಳಿದ್ದರು. ನಾನು ಕುಡಿಯಲಿಲ್ಲ. ಮಳೆಗಾಲದಲ್ಲಿ ಜಗಲಿಗೆ ಬನ್ನಿರೆಂದು ಅವರು ಕರೆದಾಗಲೂ ತೋಯಿಸಿಕೊಂಡು ಓಡಿದವರಲ್ಲಿ ನಾನೊಬ್ಬ.

ಆಕೆ ಬೀಡಿ ಕಟ್ಟುತ್ತಿದ್ದರು. ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಕೂರುತ್ತಿದ್ದರು. ಬೀಡಿಯ ದುಡ್ಡಿನಲ್ಲಿ ತಂಗಿಯನ್ನು ಓದಿಸಿದರು. ಮನೆಗೆ ಹೆಂಚು ಹೊದಿಸಿದರು. ನಾನು ಕೆಲಸಕ್ಕೆ ಸೇರಿದ ವರ್ಷ, ರಜೆಯಲ್ಲಿ ಊರಿಗೆ ಹೋದವನು ಧೈರ್ಯ ಮಾಡಿ ಅವರ ಅಂಗಳ ಹತ್ತಿದೆ. "ಬಾ ಮಗಾ. ಆಸರಿಗೆ ಎಂತ ಬೇಕು?" ಎಂದು ಕೇಳಿ ಬೆಲ್ಲ ನೀರು ತಂದಿಟ್ಟರು. ಕುಡಿದ ಮೇಲೆ, ಕೇಳಬಾರದ್ದನ್ನು ಕೇಳಿಯೇಬಿಟ್ಟೆ: "ದೊಡ್ಡಮ್ಮ, ನೀವು ಊರು ಬಿಟ್ಟು ಯಾಕೆ ಹೋಗಲಿಲ್ಲ?" ಅವರ ಕೈ ನಿಲ್ಲಲಿಲ್ಲ. "ನಾನು ಯಾಕೆ ಬಿಡುದು? ಬಿಡಬೇಕಾದ್ದು ಅವ ಅಲ್ಲವಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮೊದಲಿಗೆ ರಾತ್ರಿ ಭಾರೀ ಉದ್ದ ಇತ್ತು. ಈಗ ಅಷ್ಟಿಲ್ಲ" ಎಂದಷ್ಟೇ ಹೇಳಿದರು. ಈಗ ಅವರಿಲ್ಲ.

ತನ್ನ ಹೆಸರನ್ನು ತಾನೇ ಹೇಳಿಕೊಂಡವರೂ ಇದ್ದಾರೆ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸುನೀತಾ ಕೃಷ್ಣನ್ ಅವರ ಮೇಲೆ, ಹದಿನೈದನೆಯ ವಯಸ್ಸಿನಲ್ಲಿ, ಎಂಟು ಮಂದಿ ಅತ್ಯಾಚಾರ ನಡೆಸಿದರು. ಆ ಕೃತ್ಯಕ್ಕಿಂತ ಆಮೇಲೆ ಸಮಾಜ ತನ್ನನ್ನು ಕಂಡ ರೀತಿಯೇ ತನ್ನೊಳಗೆ ಸಿಟ್ಟಾಗಿ ಉಳಿಯಿತೆಂದು ಅವರು ಹೇಳಿದ್ದಾರೆ. ಆ ಸಿಟ್ಟನ್ನು ಅವರು ವ್ಯರ್ಥವಾಗಲು ಬಿಡಲಿಲ್ಲ. 1996ರಲ್ಲಿ ಹೈದರಾಬಾದಿನಲ್ಲಿ, ತೆರವುಗೊಂಡ ವೇಶ್ಯಾವಾಟಿಕೆಯೊಂದರಲ್ಲಿ, ಅಲ್ಲಿಯ ಹೆಂಗಸರ ಮಕ್ಕಳಿಗೆ ಶಾಲೆ ತೆರೆದು, 'ಪ್ರಜ್ವಲಾ' ಸಂಸ್ಥೆಯನ್ನು ಕಟ್ಟಿದರು. ಮಾರಾಟಕ್ಕೆ ಸಿಕ್ಕಿದ ಸಾವಿರಾರು ಹೆಣ್ಣುಮಕ್ಕಳನ್ನು ಬಿಡಿಸಿ, ಬೆಸುಗೆ, ಬಡಗಿಯಂಥ ಕೆಲಸಗಳನ್ನು ಕಲಿಸಿದರು. 2009ರಲ್ಲಿ ಮೈಸೂರಿನಲ್ಲಿ ನಡೆದ ಸಮ್ಮೇಳನದ ವೇದಿಕೆಯಿಂದ ತನ್ನ ಕತೆಯನ್ನು ನಿಸ್ಸಂಕೋಚವಾಗಿ ಹೇಳಿದರು. 2016ರಲ್ಲಿ ಪದ್ಮಶ್ರೀ ಪಡೆದರು.

ಎಲ್ಲರೂ ಸಂಸ್ಥೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ನೊಂದವಳು ವೀರಳೂ ಆಗಬೇಕೆಂದು ಒತ್ತಾಯಿಸುವುದು ಇನ್ನೊಂದು ಅಳತೆಗೋಲೇ ಆದೀತು. ಹೆಸರು ಹೇಳಿಕೊಳ್ಳುವುದೂ ಹೇಳದಿರುವುದೂ ಅವಳ ಹಕ್ಕು. ವೀರಗಲ್ಲು ಅವಳ ಹೆಸರನ್ನು ಲೆಕ್ಕಕ್ಕಿಲ್ಲವೆಂದು ಬಿಟ್ಟಿತು. ಇಂದಿನ ಕಾನೂನು ಅವಳ ರಕ್ಷಣೆಗಾಗಿ ಬಿಡುತ್ತದೆ. ಮೇಲುನೋಟಕ್ಕೆ ಒಂದೇ ಆಗಿ ಕಾಣುವ ಈ ಎರಡು ಮೌನಗಳ ನಡುವೆ ಬಹಳ ಅಂತರವಿದೆ. ಆದರೆ ಆ ಮೌನ ಕಾಗದದ ಮೇಲಷ್ಟೇ ಇರಬೇಕಲ್ಲದೆ, ಅವಳ ಮನೆಯ ಅಂಗಳದಲ್ಲಿ ಇರಬಾರದು.

ಈ ವರ್ಷ ಮತ್ತೆ ಆ ಪಾಠ ಬಂದಿತು. ಕೇಳಿದ್ದ ಹುಡುಗಿ ಈಗ ಮುಂದಿನ ತರಗತಿಯಲ್ಲಿದ್ದಾಳೆ. ಅವಳನ್ನು ಕರೆಸಿ ಕೂರಿಸಿದೆ. ಪೆಣ್ಬುಯ್ಯಲ್ ಎಂಬ ಮಾತಿನ ಅರ್ಥ ಹೇಳಿದ ಮೇಲೆ, "ಕೂಗಿದವಳು ಆಮೇಲೂ ಬದುಕಿದ್ದಳು. ನನ್ನ ಊರಿನಲ್ಲಿ ಅವಳು ಬೀಡಿ ಕಟ್ಟುತ್ತಿದ್ದಳು. ಅವಳ ಮನೆಯ ನೀರನ್ನು ನಾನು ಬಹಳ ತಡವಾಗಿ ಕುಡಿದೆ" ಎಂದೆ. ತರಗತಿ ಸುಮ್ಮನಿತ್ತು. ಆ ಹುಡುಗಿ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡಳು.