ನಾಣ್ಯದಲ್ಲಿಲ್ಲದ ತಾಯಿ

ಚೆನ್ನೈಗೆ ಬಂದು ಇಷ್ಟು ವರ್ಷವಾದರೂ ಎಗ್ಮೋರ್ ಮ್ಯೂಸಿಯಂನಲ್ಲಿ ನಾಣ್ಯಗಳ ಮುಂದೆ ನಿಂತು ನೋಡಿದವಳಲ್ಲ ನಾನು. ಮೊಮ್ಮಗಳ ಶಾಲೆಯ ಪ್ರಾಜೆಕ್ಟ್ ನೆಪದಲ್ಲಿ ಹೋದಾಗ ರೋಮಿನ ಬೆಳ್ಳಿ ನಾಣ್ಯಗಳು ಕಣ್ಣಿಗೆ ಬಿದ್ದವು. ಹೆಸರು ದಿನಾರಿಯಸ್. ಹಳೆಯ ನಾಲ್ಕಾಣೆಯಷ್ಟು ಅಗಲ, ತೂಕ ಸುಮಾರು ನಾಲ್ಕು ಗ್ರಾಂ. ಎರಡು ಸಾವಿರ ವರ್ಷಗಳ ಹಿಂದೆ ಕಾಳುಮೆಣಸಿನಂಥ ಸರಕಿಗಾಗಿ ಹಡಗಿನಲ್ಲಿ ಬಂದವು ಇವು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವವುಗಳಲ್ಲಿ ಒಂದು, ಚಕ್ರವರ್ತಿ ಅಗಸ್ಟಸ್ ಕ್ರಿ.ಪೂ. 2ರಿಂದ ಹೊರಡಿಸಿದ ನಾಣ್ಯ. ಒಂದು ಬದಿಯಲ್ಲಿ ಅವನ ಮುಖ, ಸುತ್ತಲೂ ‘ದೇಶಪಿತ’ ಎಂಬ ಬಿರುದು. ಇನ್ನೊಂದು ಬದಿಯಲ್ಲಿ ಇಬ್ಬರು ಹುಡುಗರು, ಗೈಯಸ್ ಮತ್ತು ಲೂಸಿಯಸ್. ನಡುವೆ ಗುರಾಣಿ, ಈಟಿಗಳು: ಮುಂದೆ ಆಳುವವರು ಇವರೇ ಎಂಬ ಸೂಚನೆ. ಮೇಲೆ ಪೂಜೆಯ ಸೌಟು, ಶಕುನ ನೋಡುವವರ ಡೊಂಕು ಕೋಲು: ಗೈಯಸ್ ಪುರೋಹಿತ, ಲೂಸಿಯಸ್ ಶಕುನಜ್ಞ ಎಂಬ ಗುರುತು. ಅಕ್ಷರ ಓದಲು ಬಾರದವರಿಗೂ ಚಿತ್ರವೇ ಸುದ್ದಿ ಹೇಳುತ್ತಿತ್ತು.

ಬರಹದಲ್ಲಿ ಇವರು ‘ಅಗಸ್ಟಸನ ಮಕ್ಕಳು’. ನಿಜದಲ್ಲಿ ಮೊಮ್ಮಕ್ಕಳು, ಒಬ್ಬಳೇ ಮಗಳು ಜೂಲಿಯಾಳ ಮಕ್ಕಳನ್ನು ಅವನು ದತ್ತು ತೆಗೆದುಕೊಂಡಿದ್ದ. ಹಾಗಾದರೆ ಹೆತ್ತವಳು ಎಲ್ಲಿ?

ಕ್ರಿ.ಪೂ. 13ರ ಒಂದು ಬೆಳ್ಳಿ ನಾಣ್ಯದಲ್ಲಿ ಅವಳಿದ್ದಳು: ಇಬ್ಬರು ಮಕ್ಕಳ ಮುಖಗಳ ನಡುವೆ ಜೂಲಿಯಾ, ತಲೆಯ ಮೇಲೆ ಹಾರ. ಆದರೆ ತಂದೆಗೆ ‘ದೇಶಪಿತ’ ಬಿರುದು ಸಿಕ್ಕಿದ ಕ್ರಿ.ಪೂ. 2ರಲ್ಲೇ, ನಡತೆಗೆಟ್ಟವಳೆಂದು ಅವಳನ್ನು ಅವನೇ ಪಾಂಡಟೇರಿಯಾ ಎಂಬ ಪುಟ್ಟ ದ್ವೀಪಕ್ಕೆ ಗಡೀಪಾರು ಮಾಡಿದ. ಜೊತೆಗೆ ಹೋದವಳು ಹೆತ್ತತಾಯಿ ಸ್ಕ್ರಿಬೋನಿಯಾ ಮಾತ್ರ, ಅದೂ ತಾನಾಗಿಯೇ. ಮುಂದೆ ಲೂಸಿಯಸ್ ಕ್ರಿ.ಶ. 2ರಲ್ಲಿ, ಗೈಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಜೂಲಿಯಾ ಕ್ರಿ.ಶ. 14ರಲ್ಲಿ ಸತ್ತಾಗ ತಂದೆಯ ಸಮಾಧಿಯಲ್ಲಿ ಅವಳ ಬೂದಿಗೂ ಜಾಗವಿರಲಿಲ್ಲ. ಆ ಹುಡುಗರ ನಾಣ್ಯ ಮಾತ್ರ ಸಮುದ್ರ ದಾಟಿ ನಮ್ಮ ನೆಲದವರೆಗೂ ಬಂತು.

ಊರಿನ ನಮ್ಮ ಮನೆಯಲ್ಲಿ ಏಳು ತಲೆಮಾರಿನ ವಂಶವೃಕ್ಷವೊಂದಿದೆ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಒಂದೂ ಹೆಣ್ಣಿನ ಹೆಸರಿಲ್ಲ. ಮ್ಯೂಸಿಯಂನಿಂದ ಬಂದ ರಾತ್ರಿ ಮೊಮ್ಮಗಳು, “ಅಜ್ಜಿ, ನಿಮ್ಮ ಅಜ್ಜಿಯ ಅಮ್ಮನ ಹೆಸರೇನು?” ಅಂದಳು. ನನಗೆ ಗೊತ್ತಿರಲಿಲ್ಲ. ಮರುದಿನವೇ ಊರಿನಲ್ಲಿರುವ ದೊಡ್ಡತ್ತೆಗೆ ಫೋನ್ ಮಾಡಿದೆ. ತುಂಬ ಹೊತ್ತು ಯೋಚಿಸಿ ಅವರು ಹೇಳಿದರು: “ಪುಟ್ಟಮ್ಮ ಅಂತ ಕರೀತಿದ್ರು ಕಣೇ. ನಿಜವಾದ ಹೆಸರು ಬೇರೆ ಇತ್ತು.”

ಸದ್ಯಕ್ಕೆ ಪುಟ್ಟಮ್ಮ ಎಂದೇ ಬರೆದಿಟ್ಟಿದ್ದೇನೆ.